ಮೇಷ್ಟ್ರಿಗೆ ಮೇಷ್ಟ್ರ ಅನುಮತಿ ಬೇಕಂತೆ

"ಈ ಫೋಲ್ಡರ್ ಬದಲಾಯಿಸಬೇಕಾದರೆ ಮೇಷ್ಟ್ರ ಅನುಮತಿ ಬೇಕಂತೆ," ಎಂದರು ಮೇಷ್ಟ್ರು, ಪರದೆಗೆ ಮೂಗು ತಾಗಿಸಿಕೊಂಡು.

"ಕೊಟ್ಟುಬಿಡಿ," ಎಂದ ಸುಬ್ಬು.

"ಯಾರಿಗೆ?"

"ಮೇಷ್ಟ್ರಿಗೆ."

"ಕೊಟ್ಟೆ." ಒಂದು ಗಳಿಗೆ ಕಾದರು. "ಇನ್ನೂ ಬೇಕು ಅಂತಲೇ ನಿಂತಿದೆಯಲ್ಲೋ."

ನಾಣಿ ಕುರ್ಚಿ ಎಳೆದುಕೊಂಡ. "ಬಾಯಲ್ಲಿ ಹೇಳಿದರೆ ಆಗುತ್ತಾ ಮೇಷ್ಟ್ರೇ? ಅರ್ಜಿ ಹಾಕಬೇಕು. ಇಂದ, ಮೇಷ್ಟ್ರು. ಗೆ, ಮೇಷ್ಟ್ರು. ವಿಷಯ: ನನ್ನ ಫೋಲ್ಡರನ್ನು ನಾನೇ ಮುಟ್ಟಲು ಅಪ್ಪಣೆ ಕೋರಿ. ಮಾನ್ಯರೇ, ತಮ್ಮನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ..."

"ತಿರಸ್ಕಾರವಾದರೆ?"

"ಮೇಲ್ಮನವಿ. ಅದನ್ನೂ ವಿಚಾರಿಸುವವರು ನೀವೇ. ನಿಮ್ಮ ಸ್ವಭಾವ ನೋಡಿದರೆ ಅದನ್ನೂ ತಿರಸ್ಕರಿಸುತ್ತೀರಿ."

ವಿಮಲಕ್ಕನಿಗೆ ನಗು ಬರಲಿಲ್ಲ. ಸಂಘದ ಖಜಾಂಚಿಗಳಿಗೆ ವರ್ಷದ ಕೊನೆಯಲ್ಲಿ ನಗು ಬರುವುದು ಕಡಿಮೆ. "ಅರ್ಜಿ ಆಮೇಲೆ ಬರೆಯಿರಿ. ಲೆಕ್ಕದ ಸಾಫ್ಟ್‌ವೇರ್ ಹೊಸ ಆವೃತ್ತಿಗೆ ಹೋಗದಿದ್ದರೆ ಹೊಸ ವರ್ಷದ ಪುಸ್ತಕ ತೆರೆಯುವುದಿಲ್ಲ. ಅಪ್‌ಗ್ರೇಡ್ ಕೊಟ್ಟರೆ ಹಸಿರು ಗೆರೆ ಮುಕ್ಕಾಲು ಭಾಗ ಓಡುತ್ತದೆ, ಆಮೇಲೆ ನಾಚಿಕೆಯಾದ ಹಾಗೆ ಹಿಂದಕ್ಕೆ ಬರುತ್ತದೆ. ಕೊನೆಗೆ 'ದೋಷ 1303' ಅಂತ ಒಂದು ಚೀಟಿ."

"ಏನಂತೆ 1303?"

"ಈ ಫೋಲ್ಡರ್ ಮುಟ್ಟಲು ಇನ್‌ಸ್ಟಾಲರ್‌ಗೆ ಸಾಕಷ್ಟು ಹಕ್ಕಿಲ್ಲ. ಅಡ್ಮಿನಿಸ್ಟ್ರೇಟರ್ ಆಗಿ ಲಾಗಿನ್ ಆಗಿ, ಇಲ್ಲವೇ ನಿಮ್ಮ ಸಿಸ್ಟಂ ಅಡ್ಮಿನಿಸ್ಟ್ರೇಟರನ್ನು ಸಂಪರ್ಕಿಸಿ."

"ಸಂಪರ್ಕಿಸಿದಿರಾ?"

"ಅದು ಸುಬ್ಬು."

ಎಲ್ಲರೂ ಸುಬ್ಬುವಿನ ಕಡೆ ನೋಡಿದರು. ಅವನು ಆಗಲೇ ಮೌಸ್ ಹಿಡಿದಾಗಿತ್ತು. "ಇಷ್ಟಕ್ಕೆ ಇಷ್ಟು ಜನ ಬೇಕಾ? ರೈಟ್ ಕ್ಲಿಕ್, ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್. ಮುಗೀತು."

"ಬಂತು ನೋಡಿ," ಎಂದ ನಾಣಿ. "ಅದು ಬರಲಿ ಅಂತಲೇ ಕಾಯುತ್ತಿದ್ದೆ. ಜಗತ್ತಿನಲ್ಲಿ ಯಾವ ಸಾಫ್ಟ್‌ವೇರ್ ಕೈಕೊಟ್ಟರೂ ಒಂದೇ ಉತ್ತರ. ಪ್ರಿಂಟರ್ ಕೆಟ್ಟಿತಾ? ಅಡ್ಮಿನ್ ಆಗಿ ಓಡಿಸು. ಆಟ ತೆರೆಯಲಿಲ್ವಾ? ಅಡ್ಮಿನ್ ಆಗಿ ಓಡಿಸು. ಚೀಟಿಯಲ್ಲಿ ಏನು ಬರೆದಿದೆ ಅಂತ ಒಬ್ಬನೂ ಓದುವುದಿಲ್ಲ. ಓದದೆ ಇರುವುದಕ್ಕೇ ಈಗ ಪರಿಣತಿ ಅಂತ ಹೆಸರು."

"ಕೆಲಸ ಮಾಡುತ್ತಲ್ಲಪ್ಪ?"

"ಮಾಡುತ್ತೆ, ಕೆಲವು ಸಲ. ಅದೇ ತೊಂದರೆ. ಯಾವತ್ತೂ ಮಾಡದೇ ಇದ್ದಿದ್ದರೆ ನೀವೆಲ್ಲ ಇಷ್ಟು ಹೊತ್ತಿಗೆ ಓದೋದು ಕಲಿತಿರುತ್ತಿದ್ದಿರಿ."

ಪರದೆ ಮಬ್ಬಾಯಿತು. ನಡುವೆ ಒಂದು ಕಿಟಕಿ ಎದ್ದು ಪಾಸ್‌ವರ್ಡ್ ಕೇಳಿತು. ಸುಬ್ಬು ನಾಣಿಯ ಮುಖ ನೋಡುತ್ತಲೇ ತನ್ನ ಪಾಸ್‌ವರ್ಡ್ ಒತ್ತಿ ಎಂಟರ್ ಹೊಡೆದ.

"ಆ ಕಿಟಕಿ ಏನು ಕೇಳಿತು?" ಎಂದ ನಾಣಿ.

"ಯಾವ ಕಿಟಕಿ?"

"ನೋಡಿದಿರಾ ಮೇಷ್ಟ್ರೇ!"

ಮೇಷ್ಟ್ರಿಗೆ ಚರಿತ್ರೆ ಬೇಕು. ಏನೇ ಇರಲಿ, ಅದು ಯಾವಾಗ ಶುರುವಾಯಿತು ಅಂತ ಗೊತ್ತಾಗದಿದ್ದರೆ ಅವರಿಗೆ ಸಮಾಧಾನವಿಲ್ಲ. "ಮೊದಲೆಲ್ಲ ಹೀಗೆ ಕೇಳುತ್ತಿರಲಿಲ್ಲ ಅಲ್ವಾ?"

"ಇಲ್ಲ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಮನೆ ಕಂಪ್ಯೂಟರಿನಲ್ಲಿ ಶುರುವಿಗೆ ಮಾಡಿದ ಅಕೌಂಟುಗಳೆಲ್ಲ ಅಡ್ಮಿನ್ನೇ. ಯಜಮಾನನೂ ಅಡ್ಮಿನ್, ಮಗುವೂ ಅಡ್ಮಿನ್, ಇಮೇಲಿನಲ್ಲಿ ಬಂದ ವೈರಸ್ಸೂ ಅಡ್ಮಿನ್. ಎಲ್ಲರೂ ಸಮಾನರು. ಆಮೇಲೆ ವಿಂಡೋಸ್ ವಿಸ್ತಾ ಬಂತು. 2007ರ ಜನವರಿಯಲ್ಲಿ ಜನರ ಕೈಗೆ ಸಿಕ್ಕಿತು. ಅದರ ಜೊತೆ ಯೂಸರ್ ಅಕೌಂಟ್ ಕಂಟ್ರೋಲ್ ಅಂತ ಈ ಕಿಟಕಿ. ಪ್ರತಿಯೊಂದಕ್ಕೂ 'ಮಾಡಲಾ? ಖಂಡಿತಾ? ನೀವೇ ಹೇಳಿದ್ದಾ?' ಅಂತ ಕೇಳುತ್ತಿತ್ತು. ಜನ ರೇಗಿಹೋದರು."

"ರೇಗದೆ ಇನ್ನೇನು?" ಎಂದ ಸುಬ್ಬು.

"ರೇಗಲಿ ಅಂತಲೇ ಇಟ್ಟಿದ್ದು ಮಾರಾಯ. 2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆರ್‌ಎಸ್‌ಎ ಅನ್ನೋ ಕಂಪ್ಯೂಟರ್ ಭದ್ರತಾ ಸಮ್ಮೇಳನದಲ್ಲಿ, ವಿಂಡೋಸ್ ಮಾಡುವ ಮೈಕ್ರೋಸಾಫ್ಟಿನ ಡೇವಿಡ್ ಕ್ರಾಸ್ ಬಾಯಿಬಿಟ್ಟು ಹೇಳಿದರು, ಬಳಸುವವರಿಗೆ ಕಿರಿಕಿರಿ ಮಾಡೋದಕ್ಕೇ ಇದನ್ನು ಇಟ್ಟೆವು, ತಮಾಷೆಯಲ್ಲ ಅಂತ. ಗ್ರಾಹಕರು ಬೈದರೆ ಸಾಫ್ಟ್‌ವೇರ್ ಮಾಡುವವರು ಸುಮ್ಮಸುಮ್ಮನೆ ಅಡ್ಮಿನ್ ಹಕ್ಕು ಕೇಳೋದು ಬಿಡ್ತಾರೆ ಅನ್ನೋದು ಲೆಕ್ಕ. ಕಿರಿಕಿರಿ ಮಾಡುವವರು ಬೇರೆ ಕಡೆಯೂ ಇದ್ದಾರೆ. ಹೀಗೆ ಒಪ್ಪಿಕೊಂಡವರು ಇವರೊಬ್ಬರೇ. ನನಗಂತೂ ಗೌರವ ಬಂತು."

"ಆಮೇಲೆ?"

"2009ರಲ್ಲಿ ವಿಂಡೋಸ್ 7 ಬಂತು. ಕಿರಿಕಿರಿ ಎಷ್ಟು ಬೇಕು ಅಂತ ಆರಿಸಿಕೊಳ್ಳೋಕೆ ನಾಲ್ಕು ಮೆಟ್ಟಿಲಿನ ಒಂದು ಜಾರುಗುಂಡಿ ಕೊಟ್ಟರು. ಸುಬ್ಬುವಿನಂಥವರು ಅದನ್ನು ಸೀದಾ ತಳಕ್ಕೆ ಎಳೆದರು."

"ಅದಿರಲಿ," ಎಂದರು ಮೇಷ್ಟ್ರು. "ಸುಬ್ಬು ಅಡ್ಮಿನ್ ತಾನೇ? ಅವನ ಸ್ವಂತ ಅಕೌಂಟಿನಲ್ಲಿ ಕೂತಾಗಲೂ ಯಾಕೆ ಕೇಳಬೇಕು?"

"ಅಡ್ಮಿನ್ ಒಳಗೆ ಬಂದಾಗ ವಿಂಡೋಸ್ ಅವನ ಜೇಬಿಗೆ ಎರಡು ಗುರುತಿನ ಚೀಟಿ ಹಾಕುತ್ತೆ ಮೇಷ್ಟ್ರೇ. ಒಂದು ಸಾಮಾನ್ಯನದು, ಒಂದು ಅಡ್ಮಿನ್‌ದು. ಇಡೀ ದಿನ ಓಡಾಡೋದು ಸಾಮಾನ್ಯನ ಚೀಟಿಯಲ್ಲಿ. 'ಹೌದು' ಒತ್ತಿದಾಗ ಮಾತ್ರ ದೊಡ್ಡ ಚೀಟಿ ಹೊರಗೆ ಬರುತ್ತೆ. ಹಾಗಾಗಿ ಸುಬ್ಬು ಅಡ್ಮಿನ್ ಅನ್ನೋದು ನಿಜ, ಆದರೆ ಹೆಚ್ಚಿನ ಹೊತ್ತು ಅಲ್ಲ."

"ಕೇಳಿದೆಯಾ ಸುಬ್ಬು? ಹೆಚ್ಚಿನ ಹೊತ್ತು ಅಲ್ಲವಂತೆ."

"ಇನ್ನೊಂದು ತಮಾಷೆ ಕೇಳಿ. ಕೆಲವು ಹಳೇ ಪ್ರೋಗ್ರಾಂಗಳು ತಮಗೆ ಎಷ್ಟು ಹಕ್ಕು ಬೇಕು ಅಂತ ತಾವೇ ಹೇಳಿರುವುದಿಲ್ಲ. ಆಗ ವಿಂಡೋಸ್ ಫೈಲಿನ ಹೆಸರು ನೋಡುತ್ತೆ. ಹೆಸರಿನಲ್ಲಿ 'ಸೆಟಪ್', 'ಇನ್‌ಸ್ಟಾಲ್', 'ಅಪ್‌ಡೇಟ್' ಅಂತ ಇದ್ದರೆ, ಓಹೋ ಇವರು ದೊಡ್ಡವರು ಅಂತ ತಾನಾಗಿ ಅಡ್ಮಿನ್ ಕಿಟಕಿ ತೋರಿಸುತ್ತೆ. ಬೇರೆ ಏನಾದರೂ ಹೆಸರಿಟ್ಟರೆ ಸುಮ್ನೆ ಬಿಡಬಹುದು."

"ಹೆಸರು ನೋಡಿ ಮಣೆ ಹಾಕುವುದಾ?" ಮೇಷ್ಟ್ರಿಗೆ ಖುಷಿಯಾಯಿತು. "ಹಾಗಾದರೆ ಯಂತ್ರವೂ ನಮ್ಮ ಹಾಗೇ."

ಅಷ್ಟರಲ್ಲಿ ಸುಬ್ಬು ಕೂಗಿದ. "ಆಯ್ತು! ಯಶಸ್ವಿಯಾಗಿ ಸ್ಥಾಪಿಸಲಾಗಿದೆ! ನಾಣಿ, ನಿನ್ನ ಚರಿತ್ರೆ ಮುಗಿಯೋದರೊಳಗೆ ನನ್ನ ಕೆಲಸ ಮುಗೀತು."

ವಿಮಲಕ್ಕ ಪರದೆ ನೋಡಿದರು. "ಎಲ್ಲಿ?"

"ಏನು ಎಲ್ಲಿ?"

"ಹೊಸದು. ನನ್ನ ಡೆಸ್ಕ್‌ಟಾಪಿನಲ್ಲಿ ಹಳೇ ಐಕಾನೇ ಇದೆ. ಒತ್ತಿದರೆ ಹಳೇ ಆವೃತ್ತಿಯೇ ಬರುತ್ತಿದೆ."

ಸುಬ್ಬು ತನ್ನ ಅಕೌಂಟಿಗೆ ಹೋದ. ಅಲ್ಲಿ ಹೊಸ ಐಕಾನು ಥಳಥಳ ಹೊಳೆಯುತ್ತಿತ್ತು. ಒತ್ತಿದ. ಸಾಫ್ಟ್‌ವೇರ್ ಬಲು ವಿನಯದಿಂದ ಸ್ವಾಗತ ಕೋರಿ, ನಿಮ್ಮ ಮೊದಲ ಸಂಸ್ಥೆಯನ್ನು ಸೇರಿಸಿ ಎಂದಿತು. ಸಂಘದ ಇಷ್ಟೂ ವರ್ಷಗಳ ಲೆಕ್ಕ ಇದ್ದ ಜಾಗದಲ್ಲಿ ಒಂದು ದೊಡ್ಡ ಸೊನ್ನೆ.

ವಿಮಲಕ್ಕ ಕೂತುಬಿಟ್ಟರು.

"ಗಾಬರಿ ಬೇಡ ಅಕ್ಕ, ಲೆಕ್ಕ ಎಲ್ಲೂ ಹೋಗಿಲ್ಲ," ಎಂದ ನಾಣಿ. "ನೀವು ಕೂತಿದ್ದ ಜಾಗದಲ್ಲಿ ಇವನು ಇವನ ಪಾಸ್‌ವರ್ಡ್ ಕೊಟ್ಟ. ಆ ಕ್ಷಣದಿಂದ ಆ ಇನ್‌ಸ್ಟಾಲರ್ ಪಾಲಿಗೆ ಕುರ್ಚಿಯಲ್ಲಿ ಇದ್ದದ್ದು ವಿಮಲಕ್ಕ ಅಲ್ಲ, ಸುಬ್ಬು. ಮಧ್ಯದಲ್ಲಿ ಅದು ಕೇಳಿತು, 'ನನಗೆ ಮಾತ್ರವೋ, ಎಲ್ಲರಿಗೂ ಬೇಕೋ' ಅಂತ. ಇವನು ನೆಕ್ಸ್ಟ್ ನೆಕ್ಸ್ಟ್ ಒತ್ತಿದ. 'ನನಗೆ ಮಾತ್ರ' ಅಂತ ಹೋಯಿತು. ಹಾಗೆ ಹೋದದ್ದು ಎಲ್ಲರಿಗೂ ಸೇರಿದ ಪ್ರೋಗ್ರಾಂ ಫೈಲ್ಸ್‌ಗೆ ಹೋಗುವುದಿಲ್ಲ, ಸುಬ್ಬುವಿನ ಸ್ವಂತ ಆ್ಯಪ್‌ಡೇಟಾ ಫೋಲ್ಡರಿಗೆ ಹೋಗಿ ಕೂರುತ್ತೆ. ಎಲ್ಲರಿಗೂ ಅಂತ ಹಾಕಿದ ಹಳೇ ಆವೃತ್ತಿ ಇದರ ಕಣ್ಣಿಗೇ ಬೀಳಲಿಲ್ಲ. ಹಳೆಯದು ಕಾಣದಿದ್ದರೆ ಅಪ್‌ಗ್ರೇಡ್ ಯಾವುದನ್ನು? ಅದು ಹೊಸ ಸಂಸಾರ ಹೂಡಿತು."

"ಅಂದರೆ ಈಗ ಎರಡಿದೆಯಾ?"

"ಎರಡಿದೆ. ಒಂದಕ್ಕೊಂದು ಪರಿಚಯ ಇಲ್ಲ."

ಸುಬ್ಬು ಸೋಲೊಪ್ಪುವವನಲ್ಲ. "ಸರಿ, ಬ್ಯಾಕಪ್‌ನಿಂದ ಲೆಕ್ಕ ತಂದು ಹಾಕುತ್ತೇನೆ." ಮತ್ತೆ ವಿಮಲಕ್ಕನ ಅಕೌಂಟಿಗೆ ಬಂದು, ಅದನ್ನೂ ಅಡ್ಮಿನ್ ಆಗಿ ಓಡಿಸಿ, ಝಡ್ ಡ್ರೈವ್ ಹುಡುಕಿದ. ಝಡ್ ಡ್ರೈವೇ ಇಲ್ಲ.

"ಇರಲಿಲ್ವಾ? ಬೆಳಗ್ಗೆ ನೋಡಿದ್ದೇನೆ!" ಎಂದರು ವಿಮಲಕ್ಕ.

"ಈಗಲೂ ಇದೆ ಅಕ್ಕ. ಅದು ನೆಟ್‌ವರ್ಕ್ ಡ್ರೈವ್. ಜೋಡಿಸಿದ್ದು ನೀವು, ನಿಮ್ಮ ಹೆಸರಲ್ಲಿ. ಅಡ್ಮಿನ್ ಆಗಿ ಓಡುವ ಪ್ರೋಗ್ರಾಂಗೆ ಅದು ಕಾಣುವುದಿಲ್ಲ. ಹಕ್ಕು ಜಾಸ್ತಿಯಾದಷ್ಟೂ ಕಣ್ಣು ಜಾಸ್ತಿ ಕಾಣುತ್ತೆ ಅಂದುಕೊಂಡಿದ್ದೀರಾ? ಮೇಲೆ ಹತ್ತಿದವನಿಗೆ ಕೆಳಗಿನ ಎಷ್ಟೋ ಸಂಗತಿ ಕಾಣಿಸುವುದೇ ಇಲ್ಲ. ಇದನ್ನು ನಾನು ಕಂಪ್ಯೂಟರ್ ಬಗ್ಗೆ ಮಾತ್ರ ಹೇಳುತ್ತಿದ್ದೇನೆ, ಅಧ್ಯಕ್ಷರು ತಪ್ಪು ತಿಳಿಯಬಾರದು."

ಅಧ್ಯಕ್ಷರಾದ ಮೇಷ್ಟ್ರು ತಪ್ಪು ತಿಳಿದರು. ಅದರ ಮೇಲೆ ಸ್ವಲ್ಪ ಹೊತ್ತು ಮಾತು ನಡೆಯಿತು. ಇಲ್ಲಿ ಬೇಡ.

"ಅದಕ್ಕೇ ವಿಂಡೋಸಿಗಿಂತ ನನಗೆ ಲಿನಕ್ಸ್ ಇಷ್ಟ," ಎಂದ ಸುಬ್ಬು, ದಾರಿ ತಪ್ಪಿಸಲು. "ಈ ರಗಳೆಯೇ ಇಲ್ಲ. ಆಜ್ಞೆಯ ಮುಂದೆ ಸುಡೋ ಅಂದರೆ ಸಾಕು, ಅಡ್ಮಿನ್ ಹಕ್ಕಿನ ಬಾಗಿಲು ತೆರೆಯುತ್ತೆ."

"ಸುಡೋ ಇನ್ನೇನು? ಅದೇ ರೋಗ, ವಿಸ್ತಾಕ್ಕಿಂತ ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಮೊದಲು ಬಂದದ್ದು. 1980ರ ಸುಮಾರಿಗೆ ಅಮೆರಿಕದ ಬಫಲೋ ವಿಶ್ವವಿದ್ಯಾಲಯದಲ್ಲಿ ಬಾಬ್ ಕಾಗ್‌ಶಾಲ್, ಕ್ಲಿಫ್ ಸ್ಪೆನ್ಸರ್ ಅಂತ ಇಬ್ಬರು ಬರೆದರು. ಅದರ ಉದ್ದೇಶ ಚೆನ್ನಾಗಿಯೇ ಇತ್ತು. ರೂಟ್ ಅಂದರೆ ಅಲ್ಲಿನ ದೊಡ್ಡ ಅಡ್ಮಿನ್. ಎಲ್ಲರಿಗೂ ರೂಟ್ ಪಾಸ್‌ವರ್ಡ್ ಹಂಚುವ ಬದಲು, ಯಾರು ಯಾವ ಕೆಲಸಕ್ಕೆ ಮಾತ್ರ ರೂಟ್ ಆಗಬಹುದು ಅಂತ ಪಟ್ಟಿ ಮಾಡುವುದು. ಮೊದಲ ಸಲ ಬಳಸುವಾಗ ಮೂರು ಬುದ್ಧಿಮಾತು ಹೇಳುತ್ತೆ. ಬೇರೆಯವರ ಗುಟ್ಟು ಗೌರವಿಸು, ಟೈಪ್ ಮಾಡುವ ಮೊದಲು ಯೋಚಿಸು, ದೊಡ್ಡ ಅಧಿಕಾರದ ಜೊತೆ ದೊಡ್ಡ ಜವಾಬ್ದಾರಿ ಬರುತ್ತೆ."

"ಆಹಾ, ಚೆನ್ನಾಗಿದೆ!" ಎಂದರು ಮೇಷ್ಟ್ರು.

"ಸುಬ್ಬು, ಎರಡನೆಯದು ಏನು?"

"ಯಾವುದರಲ್ಲಿ?"

"ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲದಿದ್ದರೆ ಇನ್ನೂ ಚೆನ್ನಾಗಿರುತ್ತೆ ಮೇಷ್ಟ್ರೇ. 'ಈ ಘಟನೆಯನ್ನು ವರದಿ ಮಾಡಲಾಗುವುದು' ಅಂತ ಹೇಳುತ್ತಿತ್ತು ಎಷ್ಟೋ ವರ್ಷ."

"ಅಯ್ಯೋ. ಯಾರಿಗೆ ವರದಿ?"

"ರೂಟ್‌ಗೆ."

"ರೂಟ್ ಯಾರು?"

"ಮನೆ ಕಂಪ್ಯೂಟರಾದರೆ, ನೀವೇ."

ಮೇಷ್ಟ್ರು ಸ್ವಲ್ಪ ಯೋಚಿಸಿದರು. "ಅಂದರೆ ನನ್ನ ಮೇಲಿನ ದೂರು ನನಗೇ ಬರುತ್ತೆ. ಅರ್ಜಿಯ ಫೈಲಿನಲ್ಲೇ ಇದನ್ನೂ ಸೇರಿಸಬಹುದು."

"ಸೇರಿಸಿ. ಕಾರಣ ಕೇಳಿ ನೋಟಿಸ್ ಕೊಡಿ. ಉತ್ತರ ತೃಪ್ತಿಕರವಾಗಿಲ್ಲ ಅಂತ ಬರೆಯಿರಿ. ಆದರೆ ಅಪ್‌ಗ್ರೇಡ್ ಹಾಳಾಗುವುದರಲ್ಲಿ ಸುಡೋದ ಪಾತ್ರ ಕಡಿಮೆಯಿಲ್ಲ. ಒಬ್ಬ ಪೈಥಾನ್ ಭಾಷೆಯ ಪ್ರೋಗ್ರಾಮಿಗೆ ಬೇಕಾದ ಪ್ಯಾಕೇಜು ಹಾಕೋಕೆ ಹೋಗ್ತಾನೆ, ಅನುಮತಿ ಇಲ್ಲ ಅನ್ನುತ್ತೆ. ಕೋಪದಲ್ಲಿ ಸುಡೋ ಸೇರಿಸಿ ಹಾಕ್ತಾನೆ. ಆಯಿತು. ಆ ಫೈಲುಗಳಿಗೆಲ್ಲ ಈಗ ರೂಟ್ ಒಡೆಯ. ಮುಂದಿನ ತಿಂಗಳು ತನ್ನ ಹೆಸರಲ್ಲಿ ಅಪ್‌ಗ್ರೇಡ್ ಕೊಟ್ಟರೆ ಮತ್ತೆ ಅನುಮತಿ ಇಲ್ಲ. ಮತ್ತೆ ಸುಡೋ. ಒಂದು ಸಲ ಸುಡೋ ಹೇಳಿದವನು ಆಯುಷ್ಯವಿಡೀ ಹೇಳಬೇಕು."

"ಅದಕ್ಕೆ ಮದ್ದಿದೆ," ಎಂದ ಸುಬ್ಬು ಹೆಮ್ಮೆಯಿಂದ. "777."

"ಬಂತು ಇನ್ನೊಂದು ಮಂತ್ರ! ಮೇಷ್ಟ್ರೇ, ಯೂನಿಕ್ಸ್, ಲಿನಕ್ಸಿನಲ್ಲಿ ಓದುವುದಕ್ಕೆ 4, ಬರೆಯುವುದಕ್ಕೆ 2, ಓಡಿಸುವುದಕ್ಕೆ 1. ಒಟ್ಟು 7. ಒಡೆಯನಿಗೆ ಒಂದು 7, ಗುಂಪಿಗೆ ಒಂದು 7, ಊರಿಗೆಲ್ಲ ಒಂದು 7. ಅಂದರೆ ಯಾರು ಬೇಕಾದರೂ ಬಂದು ಏನು ಬೇಕಾದರೂ ಬರೆದು ಹೋಗಿ ಅಂತ. ನಮ್ಮ ಸಂಘದ ವೆಬ್‌ಸೈಟಿಗೆ ಇವನು ಮಾಡಿದ್ದು ಅದೇ. ಸೈಟನ್ನು ನಡೆಸುವ ವರ್ಡ್‌ಪ್ರೆಸ್ ಅಪ್‌ಡೇಟ್ ಆಗುತ್ತಿರಲಿಲ್ಲ. ಯಾಕೆ? ಫೈಲುಗಳ ಒಡೆಯ ಒಬ್ಬ, ವೆಬ್ ಸರ್ವರ್ ಓಡುವುದು ಇನ್ನೊಬ್ಬನ ಹೆಸರಲ್ಲಿ. ಒಡೆತನ ಸರಿ ಮಾಡಿ, ಫೋಲ್ಡರಿಗೆ 755, ಫೈಲಿಗೆ 644 ಅಂತ ಇಟ್ಟಿದ್ದರೆ ಸಾಕಿತ್ತು. ಇವನು ಎಲ್ಲದಕ್ಕೂ 777 ಬಳಿದ."

"ಅಪ್‌ಡೇಟ್ ಆಯಿತಲ್ಲ?"

"ಆಯಿತು. ಸಂಘದ ಮುಖಪುಟದಲ್ಲಿ ಕೂದಲು ಬೆಳೆಯುವ ಮಾತ್ರೆಯ ಜಾಹೀರಾತೂ ಆಯಿತು."

ಮೇಷ್ಟ್ರು ಅಭ್ಯಾಸಬಲದಿಂದ ತಲೆ ಸವರಿಕೊಂಡರು. "ಅದು ನಮ್ಮದಲ್ವಾ? ನಾನು ಸದಸ್ಯರ ಅನುಕೂಲಕ್ಕೆ ಹಾಕಿದ್ದು ಅಂದುಕೊಂಡಿದ್ದೆ."

"ಈ ವಿಷಯದಲ್ಲಿ ಹೊಸದಾಗಿ ಕಂಡುಹಿಡಿಯೋದು ಏನೂ ಇಲ್ಲ," ಎಂದ ನಾಣಿ. ಅವನ ದನಿ ಈಗ ಭಾಷಣದ ಶ್ರುತಿಗೆ ಬಂದಿತ್ತು. "1975ರಲ್ಲೇ ಸಾಲ್ಟ್‌ಜರ್, ಶ್ರೋಡರ್ ಅಂತ ಇಬ್ಬರು ಒಂದು ಲೇಖನದಲ್ಲಿ ಬರೆದಿಟ್ಟಿದ್ದಾರೆ. ಯಾವ ಪ್ರೋಗ್ರಾಮಿಗೂ, ಯಾವ ಮನುಷ್ಯನಿಗೂ ಕೆಲಸ ಮುಗಿಸಲು ಎಷ್ಟು ಹಕ್ಕು ಬೇಕೋ ಅಷ್ಟೇ ಕೊಡಿ. ಇದನ್ನು ಎಲ್ಲರೂ ಒಪ್ಪುತ್ತಾರೆ, ಇನ್ನೊಬ್ಬರ ವಿಷಯದಲ್ಲಿ."

"ಭಾಷಣ ಆಯಿತಾ?" ಎಂದರು ವಿಮಲಕ್ಕ. "ನನ್ನ ಅಪ್‌ಗ್ರೇಡು?"

ಇಲ್ಲಿಂದ ಮುಂದೆ ನಾಣಿ ಮಾಡಿದ್ದೆಲ್ಲ ನಿಧಾನದ ಕೆಲಸ. ನೋಡುವವರಿಗೆ ಮಜಾ ಇಲ್ಲ. ಮೊದಲು ಬ್ಯಾಕಪ್ ನಿಜವಾಗಿ ತೆರೆಯುತ್ತದೆಯೇ ಎಂದು ನೋಡಿದ. ಸುಬ್ಬುವಿನ ಅಕೌಂಟಿನಿಂದಲೇ ಅವನ ಹೊಸ ಸಂಸಾರವನ್ನು ಕಿತ್ತುಹಾಕಿಸಿದ. ಆಮೇಲೆ ಕಪ್ಪು ಕಿಟಕಿ ತೆರೆದು ಒಂದು ಆಜ್ಞೆ ಕೊಟ್ಟ: ಹೂಆ್ಯಮ್‌ಐ.

"ಇದೇನು ಮಾಡುತ್ತೆ?" ಎಂದರು ಮೇಷ್ಟ್ರು.

"ನಾನು ಯಾರು ಅಂತ ಹೇಳುತ್ತೆ."

"ಇದಕ್ಕೆ ಉತ್ತರ ಹುಡುಕಿಕೊಂಡು ಎಂತೆಂಥವರೋ ಮನೆ ಬಿಟ್ಟು ಹೋದರು. ಇಲ್ಲಿ ಒಂದೇ ಸಾಲಿನಲ್ಲಿ ಸಿಗುತ್ತಾ?"

"ಸಿಗುತ್ತೆ. ಎಷ್ಟು ಜನ ಕೇಳುತ್ತಾರೆ ಅನ್ನೋದು ಬೇರೆ ಮಾತು. ಅಪ್‌ಗ್ರೇಡ್ ಕೈಕೊಟ್ಟಾಗ ಕೇಳಬೇಕಾದ್ದು 'ಹೇಗೆ ಮಾಡಲಿ' ಅಂತಲ್ಲ ಮೇಷ್ಟ್ರೇ. ಈಗ ಓಡುತ್ತಿರುವುದು ಯಾರ ಹೆಸರಲ್ಲಿ? ಹಿಂದೆ ಹಾಕಿದ್ದು ಯಾರ ಹೆಸರಲ್ಲಿ? ತಡೆದದ್ದು ಯಾವ ಫೋಲ್ಡರು? ಇಷ್ಟು ಗೊತ್ತಾದರೆ ಉಳಿದದ್ದು ಬೆರಳಿನ ಕೆಲಸ."

ಇನ್‌ಸ್ಟಾಲರ್‌ಗೆ ಈ ಸಲ ಲಾಗ್, ಅಂದರೆ ಹೆಜ್ಜೆಹೆಜ್ಜೆಯ ದಿನಚರಿ, ಬರೆಯುತ್ತಾ ಓಡು ಎಂದು ಹೇಳಿದ. ಸುಬ್ಬುವಿನ ಅಕೌಂಟಿನಿಂದ ಅಲ್ಲ. ನಿರ್ವಹಣೆಗೆ ಅಂತಲೇ ಇದ್ದ, ಯಾರೂ ದಿನಾ ಬಳಸದ ಒಂದು ಅಡ್ಮಿನ್ ಅಕೌಂಟಿನಿಂದ, 'ಎಲ್ಲರಿಗೂ' ಎಂದು ಆರಿಸಿ. ಮತ್ತೆ ಮುಕ್ಕಾಲಿಗೆ ಹೋಗಿ ಹಿಂದೆ ಬಂತು. ಲಾಗ್ ಫೈಲು ತೆರೆದರೆ ಮೈಲುದ್ದ.

"ಇದನ್ನೆಲ್ಲ ಓದುತ್ತೀಯಾ?" ಸುಬ್ಬುವಿಗೆ ನಿಜಕ್ಕೂ ಭಯವಾಯಿತು.

"ಓದಬೇಕಾಗಿಲ್ಲ. 'ರಿಟರ್ನ್ ವ್ಯಾಲ್ಯೂ 3' ಅಂತ ಹುಡುಕಬೇಕು. ಕೆಲಸ ಕೆಟ್ಟಿತು ಅನ್ನೋ ಗುರುತು ಅದು. ಎಡವಿದ್ದು ಸಾಮಾನ್ಯವಾಗಿ ಅದರ ಸ್ವಲ್ಪ ಮೇಲಿನ ಸಾಲುಗಳಲ್ಲಿ ಸಿಗುತ್ತೆ. ಅಲ್ಲೂ ಸಿಗದಿದ್ದರೆ ಪ್ರೊಸೆಸ್ ಮಾನಿಟರ್ ಅಂತ ಒಂದು ಪುಕ್ಕಟೆ ಉಪಕರಣ ಇದೆ. ಯಾವ ಪ್ರೋಗ್ರಾಂ ಯಾವ ಫೈಲು ಮುಟ್ಟಿತು, ಏನು ಉತ್ತರ ಸಿಕ್ಕಿತು, ಎಲ್ಲ ತೋರಿಸುತ್ತೆ. 'ಆ್ಯಕ್ಸೆಸ್ ಡಿನೈಡ್' ಅನ್ನುವ ಸಾಲುಗಳನ್ನು ಮಾತ್ರ ಸೋಸಿದರೆ ಆಯಿತು. ಇಲ್ಲಿ ಅಷ್ಟು ದೂರ ಹೋಗಬೇಕಿಲ್ಲ. ಸಿಕ್ಕಿತು. 'ರಸೀದಿ ನಮೂನೆ' ಫೋಲ್ಡರು."

ಮೇಷ್ಟ್ರು ಕನ್ನಡಕ ತೆಗೆದು ಒರೆಸಲು ಶುರು ಮಾಡಿದರು.

"ಒಡೆಯ, ಮೇಷ್ಟ್ರು," ನಾಣಿ ಓದಿದ. "ಎವ್ರಿಒನ್, ಬರೆಯುವುದು, ಡಿನೈ. ಅಂದರೆ ಯಾರೂ ಬರೆಯಬಾರದು. ಯಾರು ಗುರುತು ಹಾಕಿದ್ದು?"

"ಅದು... ಈ ಸುಬ್ಬು ದಿನಕ್ಕೊಂದು ಅಕ್ಷರಶೈಲಿ ಹಾಕಿ ರಸೀದಿ ಕೆಡಿಸುತ್ತಿದ್ದ. ಇವನಿಗೆ ಬೇಡ ಅಂತ ಹಾಕಿದೆ."

"ಇವನಿಗೆ ಬೇಡ ಅಂದರೆ ಇವನ ಹೆಸರು ಹಾಕಬೇಕಿತ್ತು."

"ಒಬ್ಬನ ಹೆಸರು ಹಾಕಿದರೆ ಬೇಜಾರಾಗ್ತಾನೆ ಅಂತ ಎಲ್ಲರಿಗೂ ಹಾಕಿದೆ."

"ಎಲ್ಲರೂ ಅಂದರೆ ನೀವೂ ಸೇರಿದಿರಿ. ಡಿನೈ ಅಂತ ನೇರವಾಗಿ ಹಾಕಿದರೆ ಅದೇ ಮೊದಲು. ಬೇರೆ ಕಡೆ ಎಷ್ಟು ಅಲೋ ಇದ್ದರೂ ಲೆಕ್ಕಕ್ಕಿಲ್ಲ. ಅಷ್ಟೇ ಅಲ್ಲ, ಇನ್‌ಸ್ಟಾಲರ್ ಸೇವೆ ಫೈಲು ಬರೆಯುವುದು ನಮ್ಮ ಹೆಸರಲ್ಲೂ ಅಲ್ಲ, ಸುಬ್ಬು ಹೆಸರಲ್ಲೂ ಅಲ್ಲ. ಸಿಸ್ಟಂ ಅಂತ ಒಂದು ಅಕೌಂಟ್ ಇದೆ, ಅದರ ಹೆಸರಲ್ಲಿ. ಅದೂ ಈ 'ಎಲ್ಲರೂ' ಒಳಗೆ ಬರುತ್ತೆ."

"ಅಡ್ಮಿನ್‌ಗಿಂತ ಮೇಲೆ ಇನ್ನೊಬ್ಬ ಇದ್ದಾನಾ?" ಎಂದ ಸುಬ್ಬು. ಅವನ ಮುಖ ಸಣ್ಣದಾಗಿತ್ತು.

"ಇದ್ದಾನೆ. ವಿಂಡೋಸಿನ ಸ್ವಂತ ಫೈಲುಗಳಿಗಂತೂ ವಿಸ್ತಾದಿಂದೀಚೆಗೆ ಟ್ರಸ್ಟೆಡ್‌ಇನ್‌ಸ್ಟಾಲರ್ ಅಂತ ಬೇರೆಯೇ ಒಡೆಯ. ಅಡ್ಮಿನ್ ಹೋಗಿ ಅಳಿಸು ಅಂದರೂ, ಅವರನ್ನು ಕೇಳಿಕೊಂಡು ಬಾ ಅನ್ನುತ್ತೆ."

"ಅವರು ನಮ್ಮ ಸದಸ್ಯರಾ?" ಎಂದರು ಮೇಷ್ಟ್ರು.

"ಚಂದಾ ಕೊಟ್ಟಿಲ್ಲ. ಈಗ ನಿಮ್ಮ ಅರ್ಜಿಗೆ ಬರೋಣ. ಆ ಚೀಟಿ ನಿಮ್ಮ ಹೆಸರು ಹೇಳಿದ್ದು ನೀವು ಫೋಲ್ಡರಿನ ಒಡೆಯರು ಅಂತ. ಒಡೆಯನಿಗೆ ಬರೆಯುವ ಹಕ್ಕು ತಾನಾಗಿ ಬರುವುದಿಲ್ಲ, ಆದರೆ ಹಕ್ಕುಗಳ ಪಟ್ಟಿ ತಿದ್ದುವ ಹಕ್ಕು ಇದ್ದೇ ಇರುತ್ತೆ. ತಡೆ ಹಾಕಿದವರು ನೀವು. ತೆಗೆಯಬಲ್ಲವರೂ ನೀವು. ಅರ್ಜಿ ಮಂಜೂರು ಮಾಡಿ."

ಮೇಷ್ಟ್ರು ತಮ್ಮ ಅಕೌಂಟಿನಲ್ಲಿ ಕೂತು, ಗುರುತನ್ನು ಗಂಭೀರವಾಗಿ ತೆಗೆದರು. "ಷರತ್ತುಬದ್ಧ ಮಂಜೂರಾತಿ," ಎಂದರು. "ಸುಬ್ಬು ಅಕ್ಷರಶೈಲಿ ಮುಟ್ಟಬಾರದು."

ಅಪ್‌ಗ್ರೇಡ್ ಮತ್ತೆ ಓಡಿತು. ಮುಕ್ಕಾಲು ದಾಟಿತು. ಎಲ್ಲರೂ ಉಸಿರು ಬಿಟ್ಟರು. ಇನ್ನೇನು ತುದಿ ಮುಟ್ಟಬೇಕು, ಮತ್ತೆ ಹಿಂದಕ್ಕೆ.

"ಇನ್ನು ಯಾರು ಏನು ಮಾಡಿದ್ದೀರಿ?" ವಿಮಲಕ್ಕನ ಪ್ರಶ್ನೆ ಎಲ್ಲರಿಗೂ ಸೇರಿ ಇತ್ತು.

ಲಾಗ್ ಈ ಸಲ ಬೇರೆ ಹೆಸರು ಹೇಳಿತು. 'ಹಳೇ ವರ್ಷಗಳು' ಅನ್ನುವ ಫೋಲ್ಡರ್. ದಿನದ ಕೆಲಸಕ್ಕೆ ಯಾರೂ ಅದನ್ನು ತೆರೆಯುವುದಿಲ್ಲ. ಹೊಸ ಆವೃತ್ತಿ ಮಾತ್ರ ಹಳೆಯದನ್ನೆಲ್ಲ ಹೊಸ ಮಾದರಿಗೆ ಬದಲಾಯಿಸಿಕೊಳ್ಳುತ್ತೇನೆ ಎಂದು ಅಲ್ಲಿಗೂ ಹೋಗಿತ್ತು. ನಾಣಿ ಒಡೆಯನ ಹೆಸರು ನೋಡಿದ. ಹೆಸರೇ ಇರಲಿಲ್ಲ. 'ಅಕೌಂಟ್ ಅನ್‌ನೋನ್' ಎಂದು ಬರೆದು, ಪಕ್ಕದಲ್ಲಿ ಎಸ್-1-5-21 ಎಂದು ಶುರುವಾಗುವ ಒಂದು ಉದ್ದನೆಯ ಸಂಖ್ಯೆ. ಪಟ್ಟಿಯಲ್ಲಿ ಬೇರೆ ಯಾರೂ ಇಲ್ಲ. ಸಿಸ್ಟಂ ಇಲ್ಲ, ಅಡ್ಮಿನ್ ಇಲ್ಲ. ಪೂರ್ತಿ ಹಕ್ಕೆಲ್ಲ ಆ ಒಂದು ಸಂಖ್ಯೆಗೆ.

"ಹ್ಯಾಕರ್!" ಎಂದ ಸುಬ್ಬು.

"ಅಲ್ಲ ಕಣೋ. ವಿಂಡೋಸಿಗೆ ನಮ್ಮ ಹೆಸರು ಬೇಕಾಗಿಲ್ಲ. ಪ್ರತಿ ಅಕೌಂಟಿಗೂ ಒಂದು ಸಂಖ್ಯೆ ಕೊಟ್ಟಿರುತ್ತೆ, ಫೈಲಿನಲ್ಲಿ ಬರೆದಿಡುವುದು ಅದನ್ನೇ. ಆ ಸಂಖ್ಯೆ ಯಾರದು ಅಂತ ಗೊತ್ತಿದ್ದರೆ ಹೆಸರು ತೋರಿಸುತ್ತೆ. ಗೊತ್ತಿಲ್ಲದಿದ್ದರೆ ಬರೀ ಸಂಖ್ಯೆ. ಈ ಡಿಸ್ಕು ಹಳೇ ಕಂಪ್ಯೂಟರಿನಿಂದ ಕಿತ್ತು ಇದಕ್ಕೆ ಹಾಕಿದ್ದಲ್ವಾ? ಆ ಅಕೌಂಟ್ ಇದ್ದದ್ದು ಅಲ್ಲಿ. ಕೊನೆಗೆ 1001 ಇದೆ ನೋಡಿ. ಮಾಮೂಲಿ ಅಕೌಂಟುಗಳ ಸಂಖ್ಯೆ ಶುರುವಾಗುವುದೇ 1000ದಿಂದ. ಅಂದರೆ ಆ ಕಂಪ್ಯೂಟರಿನಲ್ಲಿ ಮೊಟ್ಟಮೊದಲು ಮಾಡಿದ ಅಕೌಂಟುಗಳಲ್ಲಿ ಇದೊಂದು."

"ರಾಯರು," ಎಂದರು ವಿಮಲಕ್ಕ.

ಯಾರೂ ಮಾತಾಡಲಿಲ್ಲ. ರಾಯರು ವಿಮಲಕ್ಕನಿಗಿಂತ ಮುಂಚೆ ಖಜಾಂಚಿಯಾಗಿದ್ದವರು. ಲೆಕ್ಕ ಕಂಪ್ಯೂಟರಿಗೆ ಬರಲಿ ಎಂದು ಹಟ ಹಿಡಿದು ಆ ಯಂತ್ರ ತಂದವರು. ಹಿಂದಿನ ವರ್ಷಗಳ ಅಂಕಿ ಯಾರ ಕೈಯಲ್ಲೂ ಕೆಡಬಾರದು ಎಂದು ಫೋಲ್ಡರಿಗೆ ತಾವೊಬ್ಬರೇ ಕಾವಲು ಕೂತಿದ್ದರು. ಕಾವಲು ಈಗಲೂ ನಡೆದಿತ್ತು.

"ಅವರ ಹೆಸರಿನಲ್ಲಿ ಒಂದು ಅಕೌಂಟ್ ಮಾಡಿದರೆ?" ಎಂದರು ಮೇಷ್ಟ್ರು. "ರಾಯರು ಅಂತಲೇ. ಅದೇ ಪಾಸ್‌ವರ್ಡ್ ಬೇಕಾದರೂ ಇಡೋಣ."

"ಆಗುವುದಿಲ್ಲ ಮೇಷ್ಟ್ರೇ. ಹೊಸದಾಗಿ ಮಾಡಿದರೆ ಹೊಸ ಸಂಖ್ಯೆ. ಹೆಸರು, ಪಾಸ್‌ವರ್ಡ್ ಎಲ್ಲ ಒಂದೇ ಇದ್ದರೂ ಇವರು ಅವರಲ್ಲ ಅಂತ ಅದಕ್ಕೆ ಗೊತ್ತಾಗುತ್ತೆ."

"ಗೊತ್ತಾಗಲೇಬೇಕು ಬಿಡು," ಎಂದರು ಮೇಷ್ಟ್ರು. "ಇನ್ನೊಬ್ಬ ರಾಯರು ಸಿಗುವುದಾಗಿದ್ದರೆ ಈ ಸುಬ್ಬುವಿನ ಕೈಗೆ ಯಾಕೆ ಕೊಡುತ್ತಿದ್ದೆವು?"

ಸುಬ್ಬು ಇದಕ್ಕೆ ಎದುರು ಹೇಳಲಿಲ್ಲ. ರಾಯರೇ ಅವನಿಗೆ ಮೌಸ್ ಹಿಡಿಯುವುದು ಕಲಿಸಿದ್ದು. ಎರಡು ಸಲ ಬೇಗ ಒತ್ತು ಎಂದರೆ ಇವನು ಮೂರು ಸಲ ಒತ್ತುತ್ತಿದ್ದನಂತೆ.

ಅಡ್ಮಿನ್‌ಗೆ ಒಡೆತನ ಕಿತ್ತುಕೊಳ್ಳುವ ಅಧಿಕಾರ ಇದೆ. ನಾಣಿ ಟೇಕ್‌ಓನ್ ಆಜ್ಞೆ ಟೈಪ್ ಮಾಡಿ, ಎಂಟರ್ ಒತ್ತುವ ಮೊದಲು ವಿಮಲಕ್ಕನ ಕಡೆ ನೋಡಿದ. ಅವರು ತಲೆಯಾಡಿಸಿದರು. ಒಡೆತನ ಅಡ್ಮಿನ್ ಗುಂಪಿಗೆ ಬಂತು. ಹಕ್ಕುಗಳ ಪಟ್ಟಿ ತಿದ್ದುವ ಐಕ್ಯಾಕಲ್ಸ್ ಆಜ್ಞೆ ಬಳಸಿ ಸಿಸ್ಟಂಗೆ ಪೂರ್ತಿ ಹಕ್ಕು, ಅಡ್ಮಿನ್ ಗುಂಪಿಗೆ ಪೂರ್ತಿ ಹಕ್ಕು, ವಿಮಲಕ್ಕನಿಗೆ ಓದುವ, ತಿದ್ದುವ ಹಕ್ಕು ಕೊಟ್ಟ.

"ಎವ್ರಿಒನ್‌ಗೆ ಫುಲ್ ಕಂಟ್ರೋಲ್ ಕೊಟ್ಟುಬಿಟ್ಟರೆ ಮುಂದೆ ತಲೆನೋವೇ ಇರೊಲ್ಲ," ಎಂದ ಸುಬ್ಬು, ಮೆಲ್ಲಗೆ.

"ಸುಬ್ಬು."

"ಸುಮ್ನೆ ಹೇಳಿದೆ."

"ಈ ಸಂಖ್ಯೆಯ ಸಾಲು ಅಳಿಸಲಾ?" ಎಂದು ನಾಣಿ ಕೇಳಿದ. "ಇದ್ದರೂ ತೊಂದರೆ ಇಲ್ಲ. ಅದನ್ನು ಬಳಸುವವರು ಇಲ್ಲ."

"ತೊಂದರೆ ಇಲ್ಲದಿದ್ದರೆ ಇರಲಿ," ಎಂದರು ವಿಮಲಕ್ಕ.

ಅನವಶ್ಯಕ ಹಕ್ಕಿನ ಮೇಲೆ ಅಷ್ಟು ಹೊತ್ತು ಭಾಷಣ ಮಾಡಿದ್ದ ನಾಣಿ ಅದನ್ನು ಹಾಗೇ ಬಿಟ್ಟ. ಸಾಲ್ಟ್‌ಜರ್, ಶ್ರೋಡರ್ ಇಬ್ಬರೂ ಎದುರಿಗೆ ಇರಲಿಲ್ಲ.

ಅಪ್‌ಗ್ರೇಡ್ ಈ ಸಲ ತುದಿ ಮುಟ್ಟಿತು. ವಿಮಲಕ್ಕ ತಮ್ಮ ಅಕೌಂಟಿಗೆ ಬಂದು ಹೊಸ ಆವೃತ್ತಿ ತೆರೆದರು. ಲೆಕ್ಕ ಇತ್ತು. ಹಳೇ ವರ್ಷಗಳೂ ಇದ್ದವು. ಶಿಲ್ಕು ಪೈಸೆಗೆ ಪೈಸೆ ತಾಳೆಯಾಯಿತು. ಅವರು ಅಂದು ಮೊದಲ ಸಲ ನಕ್ಕರು. ಆಮೇಲೆ ಏನೋ ನೆನಪಾದವರಂತೆ ಸೆಟ್ಟಿಂಗಿಗೆ ಹೋಗಿ ಅಲ್ಲಿ ಇಲ್ಲಿ ಒತ್ತತೊಡಗಿದರು.

ಸುಬ್ಬುವಿಗೆ ಗೆಲುವು ಮರಳಿತ್ತು. "ಏನೇ ಹೇಳಿ, ಕೊನೆಗೆ ಅಡ್ಮಿನ್ ಆಗಿ ಓಡಿಸಿದ್ದಕ್ಕೇ ಆಗಿದ್ದು. ನಾನು ಹೇಳಿದ್ದೂ ಅದನ್ನೇ. ನಾಣಿ ಅದಕ್ಕೆ ಚರಿತ್ರೆ ಸೇರಿಸಿದ ಅಷ್ಟೆ. ಒಂದು ಸಂಸ್ಥೆ ಅಂದ ಮೇಲೆ ಒಬ್ಬ ಅಡ್ಮಿನ್ ಇರಲೇಬೇಕು. ಎಲ್ಲದಕ್ಕೂ ಮೇಲೆ ಒಬ್ಬ..."

ಪರದೆ ಮಬ್ಬಾಯಿತು. ಕಿಟಕಿ ಎದ್ದಿತು. ವಿಮಲಕ್ಕ ಕೀಬೋರ್ಡನ್ನು ಅವನ ಕಡೆ ಸರಿಸಿದರು. ಸುಬ್ಬು ಮಾತು ನಿಲ್ಲಿಸದೆ ಪಾಸ್‌ವರ್ಡ್ ಒತ್ತಿ ಎಂಟರ್ ಹೊಡೆದ. "...ಒಬ್ಬ ಜವಾಬ್ದಾರಿಯ ಮನುಷ್ಯ ಬೇಕು. ಈಗ ನೋಡಿ, ಈ ಹೊಸದಕ್ಕೆ ಒಂದು ಒಳ್ಳೆ ಅಕ್ಷರಶೈಲಿ ಹಾಕೋಣ."

ತನ್ನ ಅಕೌಂಟಿಗೆ ಹೋದ. ಅಕ್ಷರಶೈಲಿ ಎಲ್ಲರಿಗೂ ಸಿಗುವಂತೆ ಹಾಕಲು ಹೊರಟ. ಕಿಟಕಿ ಪಾಸ್‌ವರ್ಡ್ ಕೇಳಿತು. ಅವನದಲ್ಲ, ಅಡ್ಮಿನ್‌ದು.

"ಏನಿದು? ನಾನೇ ಅಡ್ಮಿನ್ ಅಲ್ವಾ?"

"ಆಗಿದ್ದೆ," ಎಂದರು ವಿಮಲಕ್ಕ. "ಈಗ ಸ್ಟ್ಯಾಂಡರ್ಡ್ ಯೂಸರ್."

"ಯಾರನ್ನು ಕೇಳಿ ಮಾಡಿದಿರಿ?"

"ಅಡ್ಮಿನ್‌ನ ಕೇಳಿಯೇ ಮಾಡಿದೆ. ಕಿಟಕಿ ಬಂತು, ನೀನು ಒಪ್ಪಿದೆ."